ಗ್ರಾಫಿಕ್ಸ್ ಲೋಕದ ಬೇಲಿಗಳು

2018ರ ಆಗಸ್ಟ್‌ನಲ್ಲಿ ವಾಲ್ವ್ ಕಂಪನಿಯು ತನ್ನ ಗೇಮ್ ಮಳಿಗೆಯಾದ ಸ್ಟೀಮ್‌ನ ಲಿನಕ್ಸ್ ಆವೃತ್ತಿಗೆ ಪ್ರೋಟಾನ್ ಎಂಬ ತಂತ್ರಾಂಶದ ಪದರವೊಂದನ್ನು ಸೇರಿಸಿತು. ವಿಂಡೋಸ್‌ಗೆಂದೇ ಬರೆದ ಗೇಮ್‌ಗಳು, ಅವುಗಳ ಕೋಡಿನಲ್ಲಿ ಒಂದು ಸಾಲೂ ಬದಲಾಗದೆ, ಲಿನಕ್ಸ್‌ನಲ್ಲಿ ಓಡತೊಡಗಿದವು. 2022ರ ಫೆಬ್ರುವರಿಯಲ್ಲಿ ಇದೇ ಪದರವನ್ನು ನೆಚ್ಚಿಕೊಂಡು ಸ್ಟೀಮ್ ಡೆಕ್ ಎಂಬ, ಕೈಯಲ್ಲಿ ಹಿಡಿದು ಆಡುವ ಯಂತ್ರ ಮಾರುಕಟ್ಟೆಗೆ ಬಂತು. ಅದರೊಳಗೆ ವಿಂಡೋಸ್ ಇಲ್ಲ. ವಿಂಡೋಸ್‌ನ ಸಾವಿರಾರು ಗೇಮ್‌ಗಳು ಮಾತ್ರ ಅದರಲ್ಲಿ ಸಲೀಸಾಗಿ ನಡೆಯುತ್ತವೆ. ಅದಕ್ಕೆ ಹಿಂದಿನ ಎರಡು ದಶಕಗಳಲ್ಲಿ, ಒಂದು ಗೇಮ್ ಲಿನಕ್ಸ್‌ನಲ್ಲಿ ಯಾಕಿಲ್ಲ, ಮ್ಯಾಕ್‌ನಲ್ಲಿ ಯಾಕಿಲ್ಲ ಎಂದು ಕೇಳಿದವರಿಗೆ ಸಿಗುತ್ತಿದ್ದ ಉತ್ತರಗಳಲ್ಲಿ ಮುಖ್ಯವಾದದ್ದು, ಅಲ್ಲಿನ ಗ್ರಾಫಿಕ್ಸ್ ಎಪಿಐ ಬೇರೆ ಎಂಬುದು. ಆ ಉತ್ತರ ಒಂದು ಕಾಲಕ್ಕೆ ನಿಜವೂ ಆಗಿತ್ತು. ಈಗ ಅದು ಪೂರ್ತಿ ನಿಜವಲ್ಲ. ಕಳೆದ ಹತ್ತು ವರ್ಷಗಳಲ್ಲಿ ಡೈರೆಕ್ಟ್‌ತ್ರೀಡಿ, ಮೆಟಲ್, ವಲ್ಕನ್ ಎಂಬ ಮೂರು ಎಪಿಐಗಳು ಒಂದೇ ಬಗೆಯ ಚಿಪ್‌ಗೆ ಒಂದೇ ಬಗೆಯ ಆದೇಶಗಳನ್ನು ಕೊಡುವ ಮೂರು ದಾರಿಗಳಾಗಿವೆ. ಅವುಗಳ ನಡುವೆ ಉಳಿದಿರುವ ಬೇಲಿಯನ್ನು ಕಟ್ಟಿರುವುದು ಕಂಪನಿಗಳ ನೀತಿಯೇ ಹೊರತು ಚಿಪ್‌ಗಳ ಸ್ವಭಾವ ಅಲ್ಲ. ಹಾಗಾಗಿ ಯಾರೊಬ್ಬರಿಗೂ ಸೇರದ ಸಾಮಾನ್ಯ ಎಪಿಐ ಒಂದನ್ನು ಪ್ರತಿಯೊಂದು ಆಪರೇಟಿಂಗ್ ಸಿಸ್ಟಂ ನೇರವಾಗಿ ಒದಗಿಸಬೇಕು ಎಂದು ಒತ್ತಾಯಿಸುವುದು ನ್ಯಾಯ ಎಂದು ನಾನು ವಾದಿಸುತ್ತೇನೆ.

ಗೇಮ್ ಬರೆಯುವವರು ಗ್ರಾಫಿಕ್ಸ್ ಚಿಪ್‌ನೊಂದಿಗೆ ನೇರವಾಗಿ ಮಾತಾಡುವುದಿಲ್ಲ. ಎನ್‌ವಿಡಿಯಾ, ಎಎಂಡಿ, ಇಂಟೆಲ್, ಆ್ಯಪಲ್, ಕ್ವಾಲ್‌ಕಾಮ್‌ಗಳ ಚಿಪ್‌ಗಳು ಒಳಗೊಳಗೆ ಬೇರೆ ಬೇರೆ. ಒಂದೇ ಕಂಪನಿಯ ಎರಡು ತಲೆಮಾರಿನ ಚಿಪ್‌ಗಳೂ ಒಂದರಂತೆ ಇನ್ನೊಂದಿರುವುದಿಲ್ಲ. ಈ ತ್ರಿಕೋನಗಳನ್ನು ಬಿಡಿಸು, ಈ ಚಿತ್ರವನ್ನು ಅವುಗಳ ಮೇಲೆ ಹೊದಿಸು, ಬೆಳಕನ್ನು ಈ ಸೂತ್ರದಂತೆ ಲೆಕ್ಕ ಹಾಕು ಎಂಬ ಆದೇಶಗಳನ್ನು ಗೇಮ್ ಒಂದು ಗೊತ್ತಾದ ರೂಪದಲ್ಲಿ ಕೊಡುತ್ತದೆ. ಚಿಪ್ ತಯಾರಿಸಿದವರು ಬರೆದ ಡ್ರೈವರ್ ಅದನ್ನು ಆ ಚಿಪ್‌ಗೆ ತಿಳಿಯುವಂತೆ ಮಾಡುತ್ತದೆ. ಆ ಗೊತ್ತಾದ ರೂಪವೇ ಎಪಿಐ. ಅದು ಗೇಮ್‌ಗೂ ಯಂತ್ರಕ್ಕೂ ನಡುವಿನ ಕರಾರು. ಕರಾರನ್ನು ಬರೆಯುವ ಅಧಿಕಾರ ಯಾರ ಕೈಯಲ್ಲಿದೆಯೋ, ಯಾವ ಗೇಮ್ ಎಲ್ಲಿ, ಎಷ್ಟು ವರ್ಷ ಓಡಬೇಕೆಂಬ ನಿರ್ಧಾರವೂ ಬಹುಮಟ್ಟಿಗೆ ಅವರದೇ. ಈ ಅಧಿಕಾರಕ್ಕಾಗಿ ನಡೆದ ಪೈಪೋಟಿಯನ್ನು ವೇಗದ ಪೈಪೋಟಿ ಎಂದಷ್ಟೇ ನೋಡಿದರೆ ಅರ್ಧ ಕಥೆ ಕಣ್ಣಿಗೆ ಬೀಳುವುದಿಲ್ಲ.

ಕಥೆ ಶುರುವಾಗುವುದು ಗೇಮ್‌ಗಳಿಂದ ದೂರದಲ್ಲಿ. ಸಿಲಿಕಾನ್ ಗ್ರಾಫಿಕ್ಸ್ ಕಂಪನಿ ತನ್ನ ದುಬಾರಿ ವರ್ಕ್‌ಸ್ಟೇಶನ್‌ಗಳಿಗೆ ಬರೆದುಕೊಂಡಿದ್ದ ಐರಿಸ್ ಜಿಎಲ್ ಅನ್ನು ತಿದ್ದಿ 1992ರಲ್ಲಿ ಓಪನ್‌ಜಿಎಲ್ ಎಂಬ ಹೆಸರಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಅದನ್ನು ನೋಡಿಕೊಳ್ಳಲು ಹಲವು ಕಂಪನಿಗಳ ಮಂಡಳಿಯೊಂದು ರಚನೆಯಾಯಿತು. ಮೈಕ್ರೋಸಾಫ್ಟ್ ಕೂಡ ಅದರ ಸ್ಥಾಪಕ ಸದಸ್ಯ. ಮನೆಯ ಪಿಸಿಗಳಿಗೆ ತ್ರೀಡಿ ಬಂದದ್ದು ಬೇರೆ ಬಾಗಿಲಿನಿಂದ. 1996ರಲ್ಲಿ ತ್ರೀಡಿಎಫ್‌ಎಕ್ಸ್‌ನ ವೂಡೂ ಕಾರ್ಡ್ ಬಂತು, ಜೊತೆಗೆ ಆ ಕಾರ್ಡಿಗಷ್ಟೇ ಹೊಂದುವ ಗ್ಲೈಡ್ ಎಂಬ ಎಪಿಐ. ಅದೇ ವರ್ಷ ಮೈಕ್ರೋಸಾಫ್ಟ್, ತಾನು ಹಿಂದಿನ ವರ್ಷ ಕೊಂಡಿದ್ದ ರೆಂಡರ್‌ಮಾರ್ಫಿಕ್ಸ್ ಎಂಬ ಬ್ರಿಟಿಷ್ ಕಂಪನಿಯ ಕೆಲಸದ ಮೇಲೆ ಕಟ್ಟಿದ ಡೈರೆಕ್ಟ್‌ತ್ರೀಡಿಯನ್ನು ಹೊರತಂದಿತು. ಅದರ ಮೊದಲ ರೂಪ ಎಷ್ಟು ತೊಡಕಿನದಾಗಿತ್ತೆಂದರೆ, ಕ್ವೇಕ್ ಗೇಮ್‌ನ ಜಾನ್ ಕಾರ್ಮ್ಯಾಕ್ 1996ರ ಡಿಸೆಂಬರ್‌ನಲ್ಲಿ ಅದನ್ನು ಬಹಿರಂಗವಾಗಿ ಟೀಕಿಸಿ ಓಪನ್‌ಜಿಎಲ್ ಪರ ನಿಂತರು. ಸಿಲಿಕಾನ್ ಗ್ರಾಫಿಕ್ಸ್ ಮತ್ತು ಮೈಕ್ರೋಸಾಫ್ಟ್ ಸೇರಿ ಎರಡನ್ನೂ ಒಂದುಗೂಡಿಸುವ ಫ್ಯಾರನ್‌ಹೀಟ್ ಯೋಜನೆಯನ್ನು 1997ರಲ್ಲಿ ಘೋಷಿಸಿದವು. ಎರಡೇ ವರ್ಷದಲ್ಲಿ ಅದು ಕೈಬಿಟ್ಟುಹೋಯಿತು.

ಈ ಮೊದಲ ಸುತ್ತಿನಲ್ಲಿ ಸೋತದ್ದು ಗ್ಲೈಡ್. ತನ್ನ ಕಾಲಕ್ಕೆ ಅದೇ ಅತ್ಯಂತ ವೇಗದ್ದು, ಕಲಿಯಲು ಸುಲಭವಾದದ್ದು. ಆದರೆ 2000ದ ಕೊನೆಯಲ್ಲಿ ತ್ರೀಡಿಎಫ್‌ಎಕ್ಸ್ ತನ್ನ ಆಸ್ತಿಯನ್ನು ಎನ್‌ವಿಡಿಯಾಕ್ಕೆ ಮಾರಿ ಮುಚ್ಚುವ ಹಾದಿ ಹಿಡಿದಾಗ, ಗ್ಲೈಡ್ ಅನ್ನೇ ನಂಬಿ ಬರೆದ ಗೇಮ್‌ಗಳಿಗೆ ಹೊಸ ಕಾರ್ಡ್‌ಗಳಲ್ಲಿ ನೆಲೆ ಇಲ್ಲವಾಯಿತು. ಇವತ್ತು ಅವು ತಮ್ಮ ಪೂರ್ಣ ರೂಪದಲ್ಲಿ ಓಡುತ್ತಿದ್ದರೆ ಅದಕ್ಕೆ ಕಾರಣ, ಗ್ಲೈಡ್‌ನ ಕರೆಗಳನ್ನು ಡೈರೆಕ್ಟ್‌ತ್ರೀಡಿಗೆ ಬದಲಿಸಿಕೊಡುವ ಎನ್‌ಗ್ಲೈಡ್, ಡಿಜಿವೂಡೂ ಮುಂತಾದ ಸಣ್ಣ ತಂತ್ರಾಂಶಗಳು. ಅವುಗಳನ್ನು ಬರೆದವರು ಆಸಕ್ತ ಪ್ರೋಗ್ರಾಮರ್‌ಗಳು, ಆ ಗೇಮ್‌ಗಳಿಂದ ಹಣ ಮಾಡಿದ ಕಂಪನಿಗಳಲ್ಲ. ಖಾಸಗಿ ಎಪಿಐಯನ್ನು ನಂಬಿದ ಕೃತಿಯ ಆಯಸ್ಸು ಆ ಖಾಸಗಿ ಕಂಪನಿಯ ಆಯಸ್ಸಿಗೆ, ಇಲ್ಲವೇ ಅದರ ಮರ್ಜಿಗೆ ಅಂಟಿಕೊಂಡಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಹಾಗೆಂದು ಡೈರೆಕ್ಟ್‌ತ್ರೀಡಿಯ ಗೆಲುವನ್ನು ಬರೀ ಏಕಸ್ವಾಮ್ಯದ ಗೆಲುವು ಎನ್ನುವುದು ಅನ್ಯಾಯ. ಪ್ರತಿ ಆವೃತ್ತಿಯಲ್ಲೂ ಅದು ಗಟ್ಟಿಯಾಗುತ್ತ ಬಂತು. ಬೆಳಕು, ಬಣ್ಣಗಳನ್ನು ಲೆಕ್ಕ ಹಾಕುವ ಸಣ್ಣ ಪ್ರೋಗ್ರಾಂಗಳಾದ ಶೇಡರ್‌ಗಳನ್ನು ಗೇಮ್ ಬರೆಯುವವರ ದಿನನಿತ್ಯದ ಸಾಮಗ್ರಿ ಮಾಡಿದ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಅದರದ್ದು. ಅತ್ತ ಓಪನ್‌ಜಿಎಲ್ ಮಂಡಳಿ ಪ್ರತಿ ಹೊಸ ಸೌಲಭ್ಯಕ್ಕೂ ಒಮ್ಮತ ಹುಡುಕುತ್ತ ಕೂತಿತು. ಅಷ್ಟರಲ್ಲಿ ಕಾರ್ಡ್ ಕಂಪನಿಗಳು ತಮ್ಮ ತಮ್ಮ ವಿಸ್ತರಣೆಗಳನ್ನು ಸೇರಿಸಿಕೊಳ್ಳುತ್ತ ಹೋದವು. ಮೈಕ್ರೋಸಾಫ್ಟ್ 2003ರಲ್ಲಿ ಮಂಡಳಿಯಿಂದ ಹೊರನಡೆಯಿತು. 2006ರಲ್ಲಿ ಓಪನ್‌ಜಿಎಲ್‌ನ ಹೊಣೆ ಹಲವು ಕಂಪನಿಗಳ ಒಕ್ಕೂಟವಾದ ಖ್ರೋನೋಸ್ ಗ್ರೂಪ್‌ಗೆ ಬಂತು. 2008ರ ಓಪನ್‌ಜಿಎಲ್ 3.0 ಹಳೆಯ ಹೊರೆಯನ್ನೆಲ್ಲ ಕಳಚಿ ಹೊಸದಾಗಿ ನಿಲ್ಲುತ್ತದೆಂದು ಕಾದಿದ್ದವರಿಗೆ ಸಿಕ್ಕಿದ್ದು ಹಳೆಯದಕ್ಕೇ ಹಾಕಿದ ತೇಪೆ. 2011ರಲ್ಲಿ ಕಾರ್ಮ್ಯಾಕ್ ಅವರೇ ಈಗ ಡೈರೆಕ್ಟ್‌ತ್ರೀಡಿಯೇ ಮೇಲು ಎಂದರು. ಸಾಮಾನ್ಯ ಮಾನದಂಡದ ಪರ ವಾದಿಸುವವರು ಈ ಅಧ್ಯಾಯವನ್ನು ಮುಚ್ಚಿಡಬಾರದು: ಸಮಿತಿಗಳು ನಿಧಾನ, ಕೆಲವೊಮ್ಮೆ ಹೇಡಿತನದಷ್ಟು ನಿಧಾನ.

ಆದರೆ ಅದೇ ವರ್ಷಗಳಲ್ಲಿ ಕಾಣುವ ಇನ್ನೊಂದು ಸಂಗತಿ ಇದೆ. ಡೈರೆಕ್ಟ್‌ತ್ರೀಡಿ 10 ಅನ್ನು ಮೈಕ್ರೋಸಾಫ್ಟ್ ವಿಂಡೋಸ್ ವಿಸ್ಟಾಕ್ಕೆ ಮಾತ್ರ ಕೊಟ್ಟಿತು. ಎಕ್ಸ್‌ಪಿ ಬಳಸುತ್ತಿದ್ದ ದೊಡ್ಡ ಸಮೂಹಕ್ಕೆ ಅದು ಸಿಗಲಿಲ್ಲ. ವಿಸ್ಟಾದ ಡ್ರೈವರ್ ರಚನೆಯೇ ಹೊಸದು ಎಂಬ ತಾಂತ್ರಿಕ ಕಾರಣ ಇತ್ತು, ಅದನ್ನು ಒಪ್ಪೋಣ. ಆದರೆ 2007ರಲ್ಲಿ ಬಂದ ಹ್ಯಾಲೋ 2 ಮತ್ತು ಶ್ಯಾಡೋರನ್ ಗೇಮ್‌ಗಳು ಹಳೆಯ ಡೈರೆಕ್ಟ್‌ತ್ರೀಡಿ 9 ಅನ್ನೇ ಬಳಸುತ್ತಿದ್ದರೂ ವಿಸ್ಟಾದಲ್ಲಷ್ಟೇ ಓಡುವಂತೆ ಕಟ್ಟುಹಾಕಲಾಗಿತ್ತು. ಬಳಕೆದಾರರು ಆ ಕಟ್ಟು ಬಿಚ್ಚಿ ಎಕ್ಸ್‌ಪಿಯಲ್ಲಿ ಓಡಿಸಿ ತೋರಿಸಿದರು. ಮುಂದೆ ವಿಂಡೋಸ್ 10ಕ್ಕೆಂದೇ ಬಂದ ಡೈರೆಕ್ಟ್‌ತ್ರೀಡಿ 12 ಅನ್ನು ಮೈಕ್ರೋಸಾಫ್ಟ್ 2019ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಗೇಮ್‌ಗಾಗಿ ವಿಂಡೋಸ್ 7ಕ್ಕೂ ಒಯ್ದಿತು. ಮನಸ್ಸು ಮಾಡಿದಾಗ ಆಗುವ ಕೆಲಸವನ್ನು ಆಗದ ಕೆಲಸವೆಂದು ಕರೆಯಲಾಗುವುದಿಲ್ಲ.

ಇಡೀ ಚಿತ್ರ ಬದಲಾದದ್ದು 2013ರಿಂದ 2016ರ ನಡುವೆ. ಅಲ್ಲಿಯವರೆಗಿನ ಎಪಿಐಗಳಲ್ಲಿ ಗೇಮ್ ಏನು ಮಾಡಲಿದೆ ಎಂಬುದನ್ನು ಡ್ರೈವರ್ ಊಹಿಸುತ್ತ ಕೂರಬೇಕಿತ್ತು: ಮೆಮೊರಿಯನ್ನು ಯಾವಾಗ ಎಲ್ಲಿಗೆ ಸಾಗಿಸಬೇಕು, ಯಾವ ಕೆಲಸ ಮುಗಿಯುವ ತನಕ ಯಾವುದು ಕಾಯಬೇಕು, ಶೇಡರ್ ಅನ್ನು ಯಾವ ಕ್ಷಣದಲ್ಲಿ ಸಿದ್ಧಪಡಿಸಬೇಕು. ಈ ಊಹೆಗೆ ಪ್ರೊಸೆಸರ್‌ನ ಸಮಯ ಹೋಗುತ್ತಿತ್ತು. ಪ್ರೊಸೆಸರ್‌ಗಳಲ್ಲಿ ನಾಲ್ಕು, ಎಂಟು ಕೋರ್‌ಗಳು ಬಂದಿದ್ದರೂ ಆದೇಶ ಕೊಡುವ ಕೆಲಸದ ಬಹುಪಾಲು ಒಂದೇ ಕೋರ್‌ನ ಹೆಗಲ ಮೇಲಿತ್ತು. ಎಎಂಡಿ 2013ರಲ್ಲಿ ಸ್ವೀಡನ್ನಿನ ಡೈಸ್ ಸ್ಟುಡಿಯೋ ಜೊತೆ ಸೇರಿ ಮ್ಯಾಂಟಲ್ ಎಂಬ ಹೊಸ ಎಪಿಐಯನ್ನು ಪ್ರಕಟಿಸಿತು. 2014ರ ಜನವರಿ ಕೊನೆಗೆ ಬ್ಯಾಟಲ್‌ಫೀಲ್ಡ್ 4 ಅದರ ಮೇಲೆ ಓಡಿತು. ಊಹಿಸುವ ಕೆಲಸವನ್ನು ಡ್ರೈವರ್‌ನಿಂದ ಕಿತ್ತು ಗೇಮ್ ಬರೆಯುವವರ ಕೈಗೇ ಕೊಡುವುದು, ಆದೇಶಗಳ ಪಟ್ಟಿಯನ್ನು ಹಲವು ಕೋರ್‌ಗಳಲ್ಲಿ ಏಕಕಾಲಕ್ಕೆ ಬರೆದು ಒಟ್ಟಿಗೆ ಚಿಪ್‌ಗೆ ಒಪ್ಪಿಸುವುದು ಅದರ ಮೂಲ ವಿಚಾರ. 2014ರ ಜೂನ್‌ನಲ್ಲಿ ಆ್ಯಪಲ್ ಮೆಟಲ್ ಅನ್ನು ಐಫೋನ್‌ಗೆ, ಮರುವರ್ಷ ಮ್ಯಾಕ್‌ಗೆ ತಂದಿತು. 2015ರಲ್ಲಿ ಡೈರೆಕ್ಟ್‌ತ್ರೀಡಿ 12 ಬಂತು. ಎಎಂಡಿ ಮ್ಯಾಂಟಲ್ ಅನ್ನು ಖ್ರೋನೋಸ್‌ಗೆ ಒಪ್ಪಿಸಿತು. ಅದರ ತಳಹದಿಯ ಮೇಲೆ 2016ರ ಫೆಬ್ರುವರಿ 16ರಂದು ವಲ್ಕನ್ 1.0 ಹೊರಬಂತು. ಎರಡೂವರೆ ವರ್ಷದೊಳಗೆ ಮೂರು ಕಡೆಯವರೂ ಒಂದೇ ತೀರ್ಮಾನಕ್ಕೆ ಬಂದಿದ್ದರು. ವಿವರಗಳಲ್ಲಿ ವ್ಯತ್ಯಾಸಗಳಿವೆ: ಮೆಟಲ್ ಮೆಮೊರಿಯ ವಿಷಯದಲ್ಲಿ ಪ್ರೋಗ್ರಾಮರ್‌ಗೆ ಸ್ವಲ್ಪ ಹೆಚ್ಚು ನೆರವಾಗುತ್ತದೆ, ವಲ್ಕನ್ ಪ್ರತಿಯೊಂದನ್ನೂ ಬಾಯಿಬಿಟ್ಟು ಹೇಳು ಎನ್ನುತ್ತದೆ. ಎಲುಬಿನ ಗೂಡು ಮಾತ್ರ ಒಂದೇ.

ಒಂದೇ ಎನ್ನುವುದಕ್ಕೆ ಅತಿ ಬಲವಾದ ಸಾಕ್ಷ್ಯ, ಒಂದನ್ನು ಇನ್ನೊಂದಕ್ಕೆ ಬದಲಿಸುವ ಕೆಲಸ ಎಷ್ಟು ಚೆನ್ನಾಗಿ ನಡೆಯುತ್ತಿದೆ ಎಂಬುದು. ಫಿಲಿಪ್ ರೆಬೋಲೆ ಎಂಬ ಜರ್ಮನಿಯ ಪ್ರೋಗ್ರಾಮರ್, ನಿಯರ್: ಆಟೋಮೇಟಾ ಎಂಬ ಗೇಮ್ ಅನ್ನು ಲಿನಕ್ಸ್‌ನಲ್ಲಿ ಆಡಬೇಕೆಂಬ ಆಸೆಯಿಂದ, ಡೈರೆಕ್ಟ್‌ತ್ರೀಡಿ 11ರ ಕರೆಗಳನ್ನು ವಲ್ಕನ್‌ಗೆ ಬದಲಿಸುವ ಡಿಎಕ್ಸ್‌ವಿಕೆ ಬರೆಯತೊಡಗಿದರು. 2018ರಲ್ಲಿ ವಾಲ್ವ್ ಅವರ ಬೆನ್ನಿಗೆ ನಿಂತಿತು. ಪ್ರೋಟಾನ್‌ನ ಜೀವಾಳ ಅದೇ. ಬಹಳಷ್ಟು ಗೇಮ್‌ಗಳಲ್ಲಿ ಹೀಗೆ ಬದಲಿಸುವುದರಿಂದ ಆಗುವ ವೇಗದ ನಷ್ಟ ಆಡುವವರ ಗಮನಕ್ಕೇ ಬರದಷ್ಟು ಕಡಿಮೆ. ಇನ್ನೂ ಹೆಚ್ಚು ಹೇಳುವ ಪುರಾವೆ ಆ್ಯಪಲ್ ಕಡೆಯಿಂದ ಸಿಗುತ್ತದೆ. ಆ್ಯಪಲ್ ತನ್ನ ಮ್ಯಾಕ್‌ಗಳಲ್ಲಿ ಓಪನ್‌ಜಿಎಲ್ ಅನ್ನು 2010ರ 4.1 ಆವೃತ್ತಿಯ ಆಚೆಗೆ ಎಂದೂ ಒಯ್ಯಲಿಲ್ಲ, 2018ರಲ್ಲಿ ಅದನ್ನು ಹಳೆಯದೆಂದು ಬದಿಗಿಟ್ಟಿತು, ವಲ್ಕನ್‌ಗಂತೂ ಡ್ರೈವರ್ ಕೊಡಲೇ ಇಲ್ಲ. ಆದರೆ ಅದೇ ಮ್ಯಾಕ್‌ಗಳಿಗೆ ಲಿನಕ್ಸ್ ತರುವ ಅಸಾಹಿ ಯೋಜನೆಯವರು, ಆ್ಯಪಲ್‌ನಿಂದ ಒಂದು ಪುಟ ದಾಖಲೆಯೂ ಸಿಗದೆ, ಎಂ1 ಚಿಪ್ ಹೇಗೆ ವರ್ತಿಸುತ್ತದೆಂದು ಹೊರಗಿನಿಂದಲೇ ಪರೀಕ್ಷಿಸಿ ತಿಳಿದು, 2024ರ ಫೆಬ್ರುವರಿ ಹೊತ್ತಿಗೆ ಅದರ ಮೇಲೆ ಓಪನ್‌ಜಿಎಲ್ 4.6ಕ್ಕೆ, ಜೂನ್ ಹೊತ್ತಿಗೆ ವಲ್ಕನ್ 1.3ಕ್ಕೆ ಖ್ರೋನೋಸ್‌ನ ಅಧಿಕೃತ ಮನ್ನಣೆ ಪಡೆದ ಡ್ರೈವರ್‌ಗಳನ್ನು ಕಟ್ಟಿದರು. ಬೆರಳೆಣಿಕೆಯ ಜನ ದಾಖಲೆಗಳಿಲ್ಲದೆ ಮಾಡಿದ್ದನ್ನು ಚಿಪ್‌ನ ಒಡೆಯರಾದ ಕಂಪನಿಗೆ ಮಾಡಲಾಗದೆಂದು ಯಾರು ನಂಬುತ್ತಾರೆ? ಇದು ಆಗದ ಮಾತಲ್ಲ, ಬೇಡವೆಂದು ನಿರ್ಧರಿಸಿದ ಮಾತು.

ಇದಕ್ಕೆ ಎದುರು ನಿಲ್ಲುವ ವಾದಗಳಲ್ಲಿ ತೂಕದ್ದು ಪೈಪೋಟಿಯ ವಾದ. ಮ್ಯಾಂಟಲ್ ಇಲ್ಲದಿದ್ದರೆ ವಲ್ಕನ್ ಇರುತ್ತಿರಲಿಲ್ಲ; ಬೆಳಕಿನ ಕಿರಣಗಳನ್ನು ಹಿಂಬಾಲಿಸಿ ದೃಶ್ಯ ಕಟ್ಟುವ ರೇ ಟ್ರೇಸಿಂಗ್ ಡೈರೆಕ್ಟ್‌ತ್ರೀಡಿಯಲ್ಲಿ 2018ರಲ್ಲೇ ಬಂತು, ವಲ್ಕನ್‌ನಲ್ಲಿ ಎಲ್ಲ ಚಿಪ್‌ಗಳಿಗೂ ಹೊಂದುವ ಅದರ ಮಾನದಂಡ ಅಂತಿಮವಾದದ್ದು 2020ರ ನವೆಂಬರ್‌ನಲ್ಲಿ. ಒಂದೇ ಎಪಿಐ ಇದ್ದಿದ್ದರೆ ಈ ಚುರುಕು ಬರುತ್ತಿತ್ತೆ? ಬರುತ್ತಿರಲಿಲ್ಲ ಎಂದೇ ನಾನೂ ಭಾವಿಸುತ್ತೇನೆ. ಆದ್ದರಿಂದ ಡೈರೆಕ್ಟ್‌ತ್ರೀಡಿಯನ್ನೋ ಮೆಟಲ್ ಅನ್ನೋ ಮುಚ್ಚಿಬಿಡಿ ಎನ್ನುವುದು ನನ್ನ ಬೇಡಿಕೆಯಲ್ಲ. ಅವು ಇರಲಿ, ಮೊದಲು ಓಡಲಿ, ಹೊಸದನ್ನು ತರಲಿ. ಅವುಗಳ ಪಕ್ಕದಲ್ಲಿ ಸಾಮಾನ್ಯ ಎಪಿಐಗೂ ಜಾಗವಿರಲಿ ಎಂಬುದಷ್ಟೇ ಬೇಡಿಕೆ. ವಿಂಡೋಸ್‌ನಲ್ಲಿ ವಾಸ್ತವವಾಗಿ ಇರುವ ಪರಿಸ್ಥಿತಿಯೇ ಇದು: ಎನ್‌ವಿಡಿಯಾ, ಎಎಂಡಿ, ಇಂಟೆಲ್ ಮೂವರೂ ಅಲ್ಲಿ ವಲ್ಕನ್ ಡ್ರೈವರ್ ಕೊಡುತ್ತಾರೆ, ಮೈಕ್ರೋಸಾಫ್ಟ್ ತಡೆಯುವುದಿಲ್ಲ. 2016ರ ಡೂಮ್ ವಲ್ಕನ್‌ನಲ್ಲಿ ಓಡಿದ್ದು ವಿಂಡೋಸ್‌ನಲ್ಲೇ. ಅದರಿಂದ ಡೈರೆಕ್ಟ್‌ತ್ರೀಡಿಯ ಬೆಳವಣಿಗೆಯೇನೂ ನಿಂತಿಲ್ಲ. ಪೈಪೋಟಿಯ ಹೆಸರಿನಲ್ಲಿ ಪ್ರತಿಸ್ಪರ್ಧಿಯನ್ನು ಮೈದಾನಕ್ಕೇ ಬಿಡದಿರುವುದು ಪೈಪೋಟಿಯ ಪರವಾದ ವಾದವಾಗಲಾರದು.

ಗೇಮ್ ಬರೆಯುವವರಲ್ಲಿ ಬಹಳ ಮಂದಿ ಎಪಿಐಯನ್ನು ಮುಟ್ಟುವುದೇ ಇಲ್ಲ, ಯೂನಿಟಿ ಅಥವಾ ಅನ್‌ರಿಯಲ್ ಎಂಜಿನ್ ಎಲ್ಲವನ್ನೂ ಮುಚ್ಚಿಕೊಡುತ್ತದೆ, ಹಾಗಿರುವಾಗ ಈ ಚರ್ಚೆ ಯಾಕೆ ಎನ್ನುವವರೂ ಇದ್ದಾರೆ. ಎಂಜಿನ್ ಮುಚ್ಚಿಕೊಡುತ್ತದೆ ಎಂದರೆ ಆ ಹೊರೆಯನ್ನು ಬೇರೊಬ್ಬರು ಹೊರುತ್ತಿದ್ದಾರೆ ಎಂದರ್ಥ. ಮೂರು ಎಪಿಐಗಳಿಗೂ ಬೇರೆ ಬೇರೆ ಕೋಡ್ ಬರೆದು, ಪರೀಕ್ಷಿಸಿ, ಪ್ರತಿ ಹೊಸ ಆವೃತ್ತಿಗೂ ತಿದ್ದುವ ಶಕ್ತಿ ದೊಡ್ಡ ಎಂಜಿನ್ ಕಂಪನಿಗಳಿಗಿದೆ, ಹತ್ತು ಜನರ ಸ್ಟುಡಿಯೋಕ್ಕಿಲ್ಲ. ಬೇಲಿಗಳು ಹೆಚ್ಚಿದಷ್ಟೂ ಸ್ವಂತ ಎಂಜಿನ್ ಕಟ್ಟುವ ಧೈರ್ಯ ಕುಗ್ಗುತ್ತದೆ, ಎರಡು ಮೂರು ಎಂಜಿನ್‌ಗಳ ಮೇಲಿನ ಅವಲಂಬನೆ ಬೆಳೆಯುತ್ತದೆ. 2023ರಲ್ಲಿ ಯೂನಿಟಿ ತನ್ನ ಶುಲ್ಕದ ಕ್ರಮವನ್ನು ಏಕಾಏಕಿ ಬದಲಿಸಲು ಹೊರಟು, ಪ್ರಪಂಚದಾದ್ಯಂತ ಪ್ರತಿಭಟನೆ ಎದ್ದ ಮೇಲೆ ಹಿಂದೆ ಸರಿಯಿತು. ಆ ಅವಲಂಬನೆ ಎಷ್ಟು ಅಪಾಯಕಾರಿ ಎಂಬುದು ಆಗ ಎಲ್ಲರಿಗೂ ತಿಳಿಯಿತು.

ಬದಲಿಸಿಕೊಡುವ ಪದರಗಳು ಇಷ್ಟು ಚೆನ್ನಾಗಿ ಕೆಲಸ ಮಾಡುವಾಗ ಅಧಿಕೃತ ಬೆಂಬಲ ಯಾಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಸ್ವಲ್ಪ ದೀರ್ಘವಾದದ್ದು. ಮೊದಲನೆಯದಾಗಿ, ಆ ಪದರಗಳು ನಿಂತಿರುವುದೇ ತಳದಲ್ಲಿರುವ ಸಾಮಾನ್ಯ ಎಪಿಐಯ ಮೇಲೆ. ಡಿಎಕ್ಸ್‌ವಿಕೆಗೆ ಕೊರತೆಯಾದ ಸೌಲಭ್ಯವನ್ನು ಖ್ರೋನೋಸ್ ವಲ್ಕನ್‌ಗೆ ವಿಸ್ತರಣೆಯಾಗಿ ಸೇರಿಸಿದ್ದುಂಟು. ಬಾಗಿಲು ತೆರೆದಿದ್ದ ಸಂಸ್ಥೆಯಾದ್ದರಿಂದ ಅದು ಸಾಧ್ಯವಾಯಿತು. ಮ್ಯಾಕ್‌ನಲ್ಲಿ ವಲ್ಕನ್ ಅನ್ನು ಮೆಟಲ್‌ಗೆ ಬದಲಿಸುವ ಮೋಲ್ಟನ್‌ವಿಕೆ 2018ರಿಂದ ಮುಕ್ತವಾಗಿ ಲಭ್ಯವಿದ್ದರೂ, ಮೆಟಲ್‌ನಲ್ಲಿ ಇಲ್ಲದ್ದನ್ನು ಅದು ಎಲ್ಲಿಂದ ತರಬೇಕು? ಆ್ಯಪಲ್ ಕೊಟ್ಟಷ್ಟೇ ಅದರ ಮಿತಿ. ಎರಡನೆಯದು ಕಾನೂನು. ಎಪಿಐಗೆ ಕೃತಿಸ್ವಾಮ್ಯ ಇದೆಯೇ ಎಂಬ ಪ್ರಶ್ನೆ ಗೂಗಲ್–ಆರಕಲ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2021ರ ಏಪ್ರಿಲ್‌ನಲ್ಲಿ ಕೋರ್ಟ್, ಗೂಗಲ್ ಆರಕಲ್‌ನ ಎಪಿಐಯನ್ನು ನಕಲಿಸಿದ್ದು ನ್ಯಾಯಯುತ ಬಳಕೆ ಎಂದಿತು, ಮೂಲ ಪ್ರಶ್ನೆಗೆ ಮಾತ್ರ ಉತ್ತರ ಕೊಡಲಿಲ್ಲ. ಚಿಪ್‌ಗಳನ್ನು ಲೆಕ್ಕಾಚಾರಕ್ಕೆ ಬಳಸುವ ಕುಡಾ ವಿಷಯದಲ್ಲಿ ಎನ್‌ವಿಡಿಯಾ ತನ್ನ ಪರವಾನಗಿಯಲ್ಲೇ ಇಂಥ ಪದರಗಳಿಗೆ ತಡೆ ಒಡ್ಡುವ ಷರತ್ತು ಹಾಕಿದೆ. ಗೇಮ್‌ಗಳ ಎಪಿಐಗಳಿಗೆ ಅಂಥ ಷರತ್ತು ನಾಳೆ ಬರಲಾರದೆಂದು ಹೇಳುವ ಹಾಗಿಲ್ಲ. ಮೂರನೆಯದು, ಪದರ ಯಾವತ್ತೂ ಮೂಲದ ಹಿಂದೆ ಓಡುತ್ತಿರುತ್ತದೆ. ಹೊಸ ಸೌಲಭ್ಯ ಬಂದ ದಿನ ಅದು ಅಲ್ಲಿರುವುದಿಲ್ಲ. ಗ್ರಾಫಿಕ್ಸ್ ಎಪಿಐಯೊಂದೇ ಅಡ್ಡಿಯಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕೆಲವು ಆನ್‌ಲೈನ್ ಗೇಮ್‌ಗಳು ಮೋಸ ತಡೆಯುವ ತಂತ್ರಾಂಶದ ಕಾರಣಕ್ಕೆ ಲಿನಕ್ಸ್‌ನಲ್ಲಿ ಓಡುವುದಿಲ್ಲ. ಏಪೆಕ್ಸ್ ಲೆಜೆಂಡ್ಸ್ 2024ರಲ್ಲಿ ಇದೇ ಕಾರಣ ಕೊಟ್ಟು ಲಿನಕ್ಸ್ ಆಟಗಾರರನ್ನು ಹೊರಗಿಟ್ಟಿತು. ಅದು ಬೇರೆಯ ಜಗಳ. ಈ ಜಗಳ ಗೆದ್ದರೆ ಅದೂ ಗೆದ್ದಂತಾಗುವುದಿಲ್ಲ.

ವಲ್ಕನ್ ಕಷ್ಟ ಎಂಬ ದೂರು ನಿಜ. ಪರದೆಯ ಮೇಲೆ ಒಂದೇ ಒಂದು ತ್ರಿಕೋನ ಮೂಡಿಸಲು ಹಳೆಯ ಓಪನ್‌ಜಿಎಲ್‌ನಲ್ಲಿ ಕೆಲವೇ ಸಾಲು ಸಾಕಿತ್ತು. ವಲ್ಕನ್‌ನಲ್ಲಿ ಅದು ಸಾವಿರ ಸಾಲಿನ ಹತ್ತಿರ ಹೋಗುತ್ತದೆ. ಕಲಿಯಲು ಬರುವ ವಿದ್ಯಾರ್ಥಿಯನ್ನು ಮೊದಲ ದಿನವೇ ಹೆದರಿಸುವ ಈ ಗುಣವನ್ನು ನಾನು ಸಮರ್ಥಿಸಲಾರೆ. ಆದರೆ ಅದಕ್ಕೆ ಪರಿಹಾರವೂ ಸಾಮಾನ್ಯ ಮಾನದಂಡದ ದಾರಿಯಲ್ಲೇ ಸಿಕ್ಕಿದೆ. ಆ್ಯಪಲ್, ಗೂಗಲ್, ಮೊಜಿಲ್ಲಾ, ಮೈಕ್ರೋಸಾಫ್ಟ್ ನಾಲ್ವರೂ ವೆಬ್ ಮಾನದಂಡಗಳ ಸಂಸ್ಥೆಯಾದ ಡಬ್ಲ್ಯೂ3ಸಿ ಅಡಿಯಲ್ಲಿ ಒಟ್ಟಿಗೆ ಕೂತು ವೆಬ್‌ಜಿಪಿಯು ಎಂಬ ಸರಳವಾದ ಎಪಿಐ ರೂಪಿಸಿದರು. 2023ರಲ್ಲಿ ಕ್ರೋಮ್, 2025ರಲ್ಲಿ ಸಫಾರಿ ಅದನ್ನು ಅಳವಡಿಸಿಕೊಂಡವು. ಒಂದೇ ಕೋಡ್ ವಿಂಡೋಸ್‌ನಲ್ಲಿ ಡೈರೆಕ್ಟ್‌ತ್ರೀಡಿ 12ರ ಮೇಲೆ, ಮ್ಯಾಕ್‌ನಲ್ಲಿ ಮೆಟಲ್ ಮೇಲೆ, ಆಂಡ್ರಾಯ್ಡ್‌ನಲ್ಲಿ ವಲ್ಕನ್ ಮೇಲೆ ಓಡುತ್ತದೆ. ಬ್ರೌಸರ್‌ನೊಳಗೆ ಒಪ್ಪಂದಕ್ಕೆ ಬರಬಲ್ಲ ಇದೇ ಕಂಪನಿಗಳು ಬ್ರೌಸರ್‌ನ ಹೊರಗೆ ಬಂದ ಕೂಡಲೇ ಅಸಾಧ್ಯ ಎನ್ನುವುದು ಒಪ್ಪತಕ್ಕ ಮಾತಲ್ಲ.

ಸಂಖ್ಯೆಗಳು ನನ್ನ ವಾದಕ್ಕೆ ಅಷ್ಟೇನೂ ಅನುಕೂಲವಾಗಿಲ್ಲ. ಸ್ಟೀಮ್ ಸಮೀಕ್ಷೆಯಲ್ಲಿ ಲಿನಕ್ಸ್ ಪಾಲು ಮೊದಲ ಬಾರಿ ಶೇಕಡಾ 3 ದಾಟಿದ್ದು 2025ರ ಅಕ್ಟೋಬರ್‌ನಲ್ಲಿ. ಪಿಸಿ ಗೇಮ್‌ಗಳ ಲೋಕ ಇಂದಿಗೂ ವಿಂಡೋಸ್‌ನದೇ. ಆದರೆ ಗೇಮ್ ಎಂದರೆ ಪಿಸಿ ಮಾತ್ರ ಅಲ್ಲ. ನಮ್ಮ ದೇಶದಲ್ಲಿ ಗೇಮ್ ಆಡುವವರಲ್ಲಿ ಬಹುಪಾಲು ಜನ ಆಡುವುದು ಆಂಡ್ರಾಯ್ಡ್ ಫೋನ್‌ನಲ್ಲಿ. 2016ರಿಂದ ಆಂಡ್ರಾಯ್ಡ್‌ನಲ್ಲಿ ವಲ್ಕನ್ ಇದೆ. 2025ರಲ್ಲಿ ಗೂಗಲ್ ಅದನ್ನೇ ಆಂಡ್ರಾಯ್ಡ್‌ನ ಅಧಿಕೃತ ಗ್ರಾಫಿಕ್ಸ್ ಎಪಿಐ ಎಂದು ಘೋಷಿಸಿತು. ಮೈಕ್ರೋಸಾಫ್ಟ್ ಕೂಡ 2024ರ ಸೆಪ್ಟೆಂಬರ್‌ನಲ್ಲಿ, ಮುಂಬರುವ ಶೇಡರ್ ಮಾಡೆಲ್ 7ರಿಂದ ಡೈರೆಕ್ಟ್‌ತ್ರೀಡಿಯ ಶೇಡರ್‌ಗಳು ಖ್ರೋನೋಸ್‌ನ ಸ್ಪಿರ್-ವಿ ರೂಪವನ್ನು ಬಳಸುತ್ತವೆ ಎಂದು ಪ್ರಕಟಿಸಿದೆ. ಬೇಲಿಯ ಒಂದು ಗೂಟ ಅಲ್ಲಿ ಸಡಿಲಗೊಂಡಿದೆ. ಉಳಿದಿರುವುದು ಆ್ಯಪಲ್. ಚಿಪ್‌ಗಳನ್ನು ಲೆಕ್ಕಾಚಾರಕ್ಕೆ ಬಳಸುವ ಓಪನ್‌ಸಿಎಲ್ ಎಂಬ ಮಾನದಂಡವನ್ನು 2008ರಲ್ಲಿ ಖ್ರೋನೋಸ್‌ಗೆ ತಾನೇ ಒಯ್ದುಕೊಟ್ಟು, ಹತ್ತೇ ವರ್ಷದಲ್ಲಿ ತಾನೇ ಅದನ್ನು ಬದಿಗೊತ್ತಿದ ಕಂಪನಿ ಅದು. 2023ರಲ್ಲಿ ಅದು ಕೊಟ್ಟ ಗೇಮ್ ಪೋರ್ಟಿಂಗ್ ಟೂಲ್‌ಕಿಟ್ ಡೈರೆಕ್ಟ್‌ತ್ರೀಡಿಯ ಕರೆಗಳನ್ನು ಮೆಟಲ್‌ಗೆ ಬದಲಿಸುತ್ತದೆ. ಪ್ರತಿಸ್ಪರ್ಧಿಯ ಖಾಸಗಿ ಎಪಿಐಗೆ ಇಷ್ಟು ಶ್ರಮ ಪಡುವ ಕಂಪನಿಗೆ ಎಲ್ಲರ ಎಪಿಐಗೆ ಡ್ರೈವರ್ ಬರೆಯುವುದು ದೊಡ್ಡ ಕೆಲಸವಲ್ಲ.

ಈ ಚಿಪ್‌ಗಳ ಲೋಕ ನಮ್ಮಿಂದ ದೂರದ್ದೇನಲ್ಲ: ಬೆಂಗಳೂರಿನಲ್ಲಿ ಎನ್‌ವಿಡಿಯಾ, ಇಂಟೆಲ್, ಕ್ವಾಲ್‌ಕಾಮ್‌ಗಳ ದೊಡ್ಡ ಕೇಂದ್ರಗಳಿವೆ. ಎಎಂಡಿ ಜಗತ್ತಿನಲ್ಲೇ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರ್‌ನಲ್ಲಿ ತೆರೆದದ್ದು ಅಲ್ಲಿಯೇ. ಗ್ರಾಫಿಕ್ಸ್ ಕಲಿಯಲು ಹೊರಟಿರುವ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ, ಅವರಿಗೆ ಕಲಿಸುವವರಿಗೆ, ಸ್ವಂತ ಗೇಮ್ ಕಟ್ಟುವ ಕನಸಿರುವವರಿಗೆ ನನ್ನ ವಿನಂತಿ ಇದು: ಮೊದಲು ವೆಬ್‌ಜಿಪಿಯು ಅಥವಾ ವಲ್ಕನ್ ಕಲಿಯಿರಿ, ಆಮೇಲೆ ಬೇಕಾದರೆ ಉಳಿದದ್ದನ್ನು ಕಲಿಯಿರಿ. ಡಿಎಕ್ಸ್‌ವಿಕೆ, ಪ್ರೋಟಾನ್, ಅಸಾಹಿಯ ಡ್ರೈವರ್‌ಗಳ ಕೋಡ್ ಎಲ್ಲರಿಗೂ ತೆರೆದಿದೆ. ಅದನ್ನು ಓದಿರಿ, ಅದಕ್ಕೆ ನಿಮ್ಮ ಕೆಲಸವನ್ನೂ ಸೇರಿಸಿರಿ. ಮತ್ತು ದುಬಾರಿ ಮ್ಯಾಕ್ ಕೊಳ್ಳುವ ಗ್ರಾಹಕರು, ಅದರಲ್ಲಿ ವಲ್ಕನ್ ಯಾಕಿಲ್ಲ ಎಂದು ಕಂಪನಿಯನ್ನು ಕೇಳುವುದನ್ನು ಬಿಡಬಾರದು.